ಬೀದರಿನ ಕ್ಷೌರಿಕನೂ ಒಂದೇ ಸಾಲಿನ ಊಟವೂ

ಪಂಕ್ತಿ ಅನ್ನೋ ಮಾತು ನಮಗೆಲ್ಲ ಗೊತ್ತು. ಆದರೆ ಅದು ನಮಗೆ ಗೊತ್ತಾದದ್ದು ಪಂಕ್ತಿಭೇದದಿಂದ. ಸಕಲೇಶಪುರ, ಆಲೂರು ಕಡೆಯ ಜಾತ್ರೆ, ಮದುವೆ, ತಿಥಿಗಳಲ್ಲಿ ಮೊದಲು ಉಣ್ಣುವವರು ಯಾರು, ಚಪ್ಪರದ ಹೊರಗೆ ಕಾಯುವವರು ಯಾರು, ಎಲ್ಲರೂ ಎದ್ದ ಮೇಲೆ ಎಲೆ ಎತ್ತಿ ಉಳಿದದ್ದನ್ನು ಕೇರಿಗೆ ಹೊರುವವರು ಯಾರು ಎಂಬುದನ್ನು ನಮ್ಮ ಹಿರೀಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಫಿ ಗಿಡಕ್ಕೆ ಗುಂಡಿ ತೆಗೆದ ಕೈಗೆ, ಹಣ್ಣು ಕುಯ್ದ ಕೈಗೆ ಕಾಫಿ ಸಿಕ್ಕಿದ್ದು ತೆಂಗಿನ ಚಿಪ್ಪಿನಲ್ಲಿ. ಬಿಸಲೆ ಘಾಟಿ ಇಳಿದರೆ ಕುಕ್ಕೆ ಸುಬ್ರಹ್ಮಣ್ಯ. ಅಲ್ಲಿ ಬ್ರಾಹ್ಮಣರು ಉಂಡೆದ್ದ ಎಂಜಲೆಲೆಯ ಮೇಲೆ ಬೇರೆ ಜಾತಿಯ ಜನ ಹೊರಳಾಡುವ ಮಡೆಸ್ನಾನ ಬಹುಕಾಲ ನಡೆಯಿತು. ಅದನ್ನು ತಡೆಯಲು 2014ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು.

ಇದೇ ಪಂಕ್ತಿ ಪಂಜಾಬಿನಲ್ಲಿ 'ಪಂಗತ್' ಆಗಿದೆ. ಮಾತಿನ ಬೇರು ಒಂದೇ, ಮಾಡುವ ಕೆಲಸ ಮಾತ್ರ ತಿರುಗುಮುರುಗು. ಅಲ್ಲಿ ಪಂಗತ್ ಅಂದರೆ ರಾಜನಾಗಲಿ, ಜಾಡಮಾಲಿಯಾಗಲಿ ಒಂದೇ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು. ಮೂರನೆಯ ಗುರು ಅಮರದಾಸರು (ಗುರುಪೀಠದಲ್ಲಿದ್ದದ್ದು 1552ರಿಂದ 1574) ತಮ್ಮನ್ನು ನೋಡಲು ಬಂದವರು ಮೊದಲು ಸಾಲಿನಲ್ಲಿ ಕೂತು ಉಣ್ಣಬೇಕು, ಆಮೇಲೆ ದರ್ಶನ ಎಂದು ಕಟ್ಟು ಮಾಡಿದರು. ಊಟ ಭಕ್ತಿಯ ನಂತರದ ಪ್ರಸಾದವಲ್ಲ, ಭಕ್ತಿಗೆ ಇಟ್ಟ ಪರೀಕ್ಷೆ. ಯಾರ ಪಕ್ಕದಲ್ಲಿ ಕೂರಲಾರೆಯೋ ಅವನ ದೇವರು ನಿನಗೆ ದಕ್ಕುವುದಿಲ್ಲ ಎಂಬುದು ಅದರ ಅರ್ಥ.

ಪಂಜಾಬಿನ ಕಥೆ ನಮಗೇಕಪ್ಪಾ ಅಂತ ಕೇಳುವವರಿದ್ದಾರೆ. ನಮಗೆ ಸಿಖ್ಖರು ಅಂದರೆ ಶಿರಾಡಿ ಘಾಟಿ ಹತ್ತುವ ಲಾರಿಯ ರುಮಾಲಿನ ಡ್ರೈವರು, ಇಲ್ಲವೇ ಮಿಲಿಟರಿಯವರು, ಅದೂ ಇಲ್ಲದಿದ್ದರೆ ಸರ್ದಾರ್ಜಿ ಜೋಕು. ಅವರ ಚರಿತ್ರೆಯ ಅತಿ ದೊಡ್ಡ ದಿನದಲ್ಲಿ ಕನ್ನಡ ನಾಡಿನ ಒಬ್ಬ ದುಡಿಯುವ ಮನುಷ್ಯ ನಿಂತಿದ್ದಾನೆ ಎಂಬುದನ್ನು ನಮ್ಮ ಶಾಲೆಯ ಪುಸ್ತಕಗಳು ನಮಗೆ ಹೇಳಲಿಲ್ಲ.

1699ರ ಬೈಸಾಖಿ. ಪಂಜಾಬಿನ ಸುಗ್ಗಿಯ ಹಬ್ಬ. ಆನಂದಪುರದಲ್ಲಿ ಹತ್ತನೆಯ ಗುರು ಗೋವಿಂದರು ಕತ್ತಿ ಹಿರಿದು ನಿಂತು, ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದರು. ಐದು ಮಂದಿ ಎದ್ದರು. ಸಿಖ್ ಪರಂಪರೆ ಅವರ ಜಾತಿ, ಊರು ಎರಡನ್ನೂ ನೆನಪಿಟ್ಟಿದೆ. ಲಾಹೋರಿನ ದಯಾರಾಮ್ ಖತ್ರಿ. ಹಸ್ತಿನಾಪುರದ ಧರಮ್‌ದಾಸ್ ಜಾಟ ರೈತ. ಪುರಿ ಜಗನ್ನಾಥದ ಹಿಮ್ಮತ್ ನೀರು ಹೊರುವವನು. ದ್ವಾರಕೆಯ ಮೊಹಕಮ್ ಬಟ್ಟೆಗೆ ಅಚ್ಚು ಹಾಕುವ ಛೀಂಬಾ ಜಾತಿಯವನು. ಐದನೆಯವನು ಸಾಹಿಬ್‌ಚಂದ್, ನಮ್ಮ ಬೀದರಿನ ಕ್ಷೌರಿಕ.

ಆ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಭಾಷೆ ನಮ್ಮದು. ಬೆಳಿಗ್ಗೆ ಎದುರಿಗೆ ಬಂದರೆ ಅಪಶಕುನ ಅಂತ ಮುಖ ತಿರುಗಿಸಿದ ಸಮಾಜ ನಮ್ಮದು. ಅಂಥ ಮನುಷ್ಯನಿಗೆ ಅಲ್ಲಿ ಆದದ್ದೇನು? ಕಬ್ಬಿಣದ ಒಂದೇ ಬಟ್ಟಲಲ್ಲಿ ನೀರಿಗೆ ಬತ್ತಾಸು ಹಾಕಿ, ಖಡ್ಗದಿಂದ ಕಲಕಿ, ಐವರಿಗೂ ಅದೇ ಬಟ್ಟಲಿಂದ ಕುಡಿಸಿದರು. ಆಮೇಲೆ ಗುರುವೇ ಕೈಮುಗಿದು, ಈಗ ನನಗೂ ಕೊಡಿ ಎಂದು ಆ ಐವರ ಕೈಯಿಂದ ದೀಕ್ಷೆ ಪಡೆದರು. ಗುರು ಶಿಷ್ಯನಿಗೆ ಶಿಷ್ಯನಾದ. ಐವರ ಜಾತಿಸೂಚಕ ಹೆಸರುಗಳು ಬಿದ್ದುಹೋಗಿ ಎಲ್ಲರೂ ಸಿಂಗರಾದರು. ಹಳ್ಳಿ ಹೋಟೆಲಿನ ಎರಡು ಲೋಟ ಕಂಡ ನಮಗೆ ಆ ಒಂದು ಬಟ್ಟಲಿನ ತೂಕ ಎಷ್ಟೆಂದು ಯಾರೂ ವಿವರಿಸಬೇಕಿಲ್ಲ. ಕೂದಲು ಕತ್ತರಿಸುವುದೇ ಕುಲಕಸುಬಾಗಿದ್ದವನು ಕೂದಲು ಕತ್ತರಿಸದ ಪಂಥದ ಮೊದಲ ಐವರಲ್ಲಿ ಒಬ್ಬನಾದ. ಹುಟ್ಟಿನಿಂದ ಕೈಗೆ ಅಂಟಿದ ಕತ್ತರಿ ಕಳಚಿ ಬಿತ್ತು. ಮುಂದೆ ಚಮಕೌರಿನ ಯುದ್ಧದಲ್ಲಿ ಅವನು ಮಡಿದ.

ಬೀದರಿಗೆ ಇನ್ನೂ ಹಳೆಯ ನೆನಪೊಂದಿದೆ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಗುರು ನಾನಕರು ದಕ್ಷಿಣಕ್ಕೆ ಬಂದಾಗ ಬೀದರಿನ ಹೊರಗೆ ಫಕೀರರ ಜೊತೆ ಇಳಿದುಕೊಂಡರಂತೆ. ಅಲ್ಲಿ ಕುಡಿಯುವ ಸಿಹಿನೀರಿರಲಿಲ್ಲ. ನಾನಕರು ಪಾದದಿಂದ ಕಲ್ಲು ಸರಿಸಿದರು, ಒರತೆ ಎದ್ದಿತು ಅನ್ನುತ್ತಾರೆ. ಅದೇ ನಾನಕ ಝೀರಾ. ಝೀರಾ ಅಂದರೆ ಒರತೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಜನ ಯಾವ ಪವಾಡವನ್ನು ನೆನಪಿಟ್ಟುಕೊಂಡರು ಅನ್ನುವುದೂ ಚರಿತ್ರೆಯೇ. ಒಬ್ಬ ಹಿಂದೂ ಮನೆಯಲ್ಲಿ ಹುಟ್ಟಿದವನು ಮುಸ್ಲಿಂ ಫಕೀರರಿಗೆ ನೀರು ಕೊಟ್ಟ ಕಥೆ ಅದು. ಬಾವಿಕಟ್ಟೆಯಿಂದ ಓಡಿಸಿಕೊಂಡ ಜನಕ್ಕೆ, 1927ರಲ್ಲಿ ಮಹಾಡಿನ ಕೆರೆಯ ನೀರು ಮುಟ್ಟಲು ಅಂಬೇಡ್ಕರರ ಹಿಂದೆ ನಡೆದ ಜನಕ್ಕೆ ಇದು ಸಣ್ಣ ಕಥೆಯಲ್ಲ.

1948ರಲ್ಲಿ ಅಲ್ಲಿ ಈಗಿನ ಗುರುದ್ವಾರ ಎದ್ದಿತು. ಬೈಸಾಖಿ, ಹೋಳಿ, ಕಾರ್ತಿಕ ಹುಣ್ಣಿಮೆಯ ನಾನಕ ಜಯಂತಿಗೆ ದೂರದೂರದಿಂದ ಜನ ಸೇರುತ್ತಾರೆ. ಆದರೆ ಆ ಧರ್ಮ ಕಾಣುವುದು ಹಬ್ಬದಲ್ಲಿ ಅಲ್ಲ, ದಿನನಿತ್ಯದಲ್ಲಿ. ನಸುಕಿನಲ್ಲಿ ಎದ್ದು ಪಾಠ. ಗುಡಿಯಲ್ಲಿ ಮೂರ್ತಿ ಇಲ್ಲ, ಗ್ರಂಥವಿದೆ. ತಲೆಗೆ ಬಟ್ಟೆ ಕಟ್ಟಿ, ಕಾಲು ತೊಳೆದು ಬಂದ ಯಾರೂ ಒಳಗೆ ಬರಬಹುದು. ಹಿಟ್ಟು, ತುಪ್ಪ, ಸಕ್ಕರೆಯ ಕಡಾ ಪ್ರಸಾದ ಎಲ್ಲರಿಗೂ ಒಂದೇ ಪಾತ್ರೆಯಿಂದ. ಪಕ್ಕದಲ್ಲಿ ಲಂಗರು, ಅಂದರೆ ಎಲ್ಲರ ಅಡಿಗೆಮನೆ. ರೊಟ್ಟಿ ತಟ್ಟುವುದು, ಪಾತ್ರೆ ತಿಕ್ಕುವುದು, ನೆಲ ಗುಡಿಸುವುದು, ಬಂದವರ ಚಪ್ಪಲಿ ಒರೆಸಿ ಜೋಡಿಸುವುದು, ಇವೆಲ್ಲ ಸೇವೆ. ದುಡಿದು ತಿನ್ನು, ಹಂಚಿ ತಿನ್ನು, ದೇವರನ್ನು ನೆನೆ. ಇದಿಷ್ಟೇ ಬೋಧೆ.

ಆ ಗ್ರಂಥದಲ್ಲಿ ಗುರುಗಳ ಮಾತಿನ ಜೊತೆ ನೇಕಾರ ಕಬೀರ, ಚರ್ಮದ ಕೆಲಸದ ರವಿದಾಸ, ಛೀಂಬಾ ನಾಮದೇವ, ಕಟುಕ ಸಾಧನಾ, ಕ್ಷೌರಿಕ ಸೇನ ಇವರ ಪದಗಳೂ ಇವೆ. 1604ರಲ್ಲಿ ಗುರು ಅರ್ಜುನರು ಈ ಸಂಗ್ರಹ ಕಟ್ಟಿದರು. ಮೇಲ್ಜಾತಿಯವನೂ ಹಣೆ ಮಣಿಯುವ ಪೀಠದ ಮೇಲೆ ಚಮ್ಮಾರನ ಮಾತು ಕೂತಿದೆ. ಯಾವ ಅಗ್ರಹಾರ ಇಂಥದ್ದನ್ನು ಕಂಡಿತ್ತು?

ನಮ್ಮ ನಾಡು ಕಂಡಿತ್ತು. ಅದೇ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ. ಕಾಯಕ, ದಾಸೋಹ ಅಂದಾಗ ಶರಣರು ಹೇಳಿದ್ದೂ ದುಡಿದು ಹಂಚುವುದನ್ನೇ. ಹಡಪದ ಅಪ್ಪಣ್ಣ ಬಸವಣ್ಣನ ಪಕ್ಕದಲ್ಲಿದ್ದ. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಬೀಗತನವಾದಾಗ ರಕ್ತ ಹರಿಯಿತು. ಆಮೇಲೆ ನಮ್ಮಲ್ಲಿ ದಾಸೋಹ ಉಳಿಯಿತು, ಬೀಗತನ ಉಳಿಯಲಿಲ್ಲ.

ಪಂಜಾಬಿನಲ್ಲೂ ಇದೇ ಆಯಿತೆಂದು ಹೇಳದೆ ಈ ಬರಹ ಮುಗಿಸಿದರೆ ಅದು ಭಜನೆಯಾದೀತು. 1675ರಲ್ಲಿ ದೆಹಲಿಯಲ್ಲಿ ಗುರು ತೇಗಬಹಾದುರರ ತಲೆ ಕಡಿಸಿದಾಗ, ಆ ತಲೆಯನ್ನು ಆನಂದಪುರಕ್ಕೆ ಹೊತ್ತು ತಂದವನು ಜಾಡಮಾಲಿ ಕುಲದ ಭಾಯಿ ಜೈತಾ. ಅವನ ಜನವೇ ಮಜಹಬಿ ಸಿಖ್ಖರು. 1920ರ ಅಕ್ಟೋಬರ್ 12ರಂದು ಅಮೃತಸರದ ಸ್ವರ್ಣಮಂದಿರಕ್ಕೆ ಕೆಳಜಾತಿಯಿಂದ ಬಂದ ಸಿಖ್ಖರು ಕಡಾ ಪ್ರಸಾದ ತಂದಾಗ ಪೂಜಾರಿಗಳು ಮುಟ್ಟಲು ಒಪ್ಪಲಿಲ್ಲ. ಒಂದು ಬಟ್ಟಲಿನ ಧರ್ಮದ ಹೃದಯದಲ್ಲೇ ಪುರೋಹಿತಶಾಹಿ ಕೂತಿತ್ತು! ಜನ ಸುಮ್ಮನಿರಲಿಲ್ಲ. ಅಂದು ಹಚ್ಚಿದ ಕಿಡಿಯಿಂದಲೇ ಗುರುದ್ವಾರಗಳನ್ನು ಮಹಂತರ ಕೈಯಿಂದ ಬಿಡಿಸುವ ಹೋರಾಟ ಬೆಳೆದು, 1925ರ ಕಾಯಿದೆಯ ತನಕ ಬಂತು.

1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯಲಾರೆ ಎಂದು ಸಾರಿದ ಬಾಬಾಸಾಹೇಬರು 1936ರ ಏಪ್ರಿಲ್‌ನಲ್ಲಿ ಅಮೃತಸರದ ಸಿಖ್ ಸಮ್ಮೇಳನಕ್ಕೆ ಹೋಗಿದ್ದರು. ಆ ಧರ್ಮವನ್ನು ಅವರು ಗಂಭೀರವಾಗಿ ತೂಗಿ ನೋಡಿದರು. ಕೊನೆಗೆ 1956ರಲ್ಲಿ ನಡೆದದ್ದು ಬುದ್ಧನ ಕಡೆಗೆ. ಅದೇ 1956ರಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿ ಎಲ್ಲ ದಲಿತ ಸಿಖ್ಖರಿಗೂ ತೆರೆಯಿತು. ಧರ್ಮ ಜಾತಿ ಇಲ್ಲ ಅಂದಿತ್ತು. ಜಾತಿ ಇದೆ ಅಂತ ಕಾನೂನು ರುಜು ಹಾಕಿತು. 2003ರಲ್ಲಿ ಜಲಂಧರ್ ಹತ್ತಿರದ ತಲ್ಹಣದಲ್ಲಿ ಗುರುದ್ವಾರದ ಆಡಳಿತದಲ್ಲಿ ಪಾಲು ಕೇಳಿದ ದಲಿತರು ಬಹಿಷ್ಕಾರ ಉಣ್ಣಬೇಕಾಯಿತು.

ಸೇವೆಯ ಬಗ್ಗೆಯೂ ನಾವು ಒಂದು ಮಾತು ಕೇಳಬೇಕು. ತಪ್ಪು ಮಾಡಿದ ದೊಡ್ಡವರಿಗೆ ಅಕಾಲ ತಖ್ತು ಕೊಡುವ ಶಿಕ್ಷೆ ಪಾತ್ರೆ ತೊಳೆಯುವುದು, ಚಪ್ಪಲಿ ಒರೆಸುವುದು. ಅಹಂಕಾರ ಇಳಿಯಲಿ ಅಂತ. 2024ರ ಡಿಸೆಂಬರಿನಲ್ಲಿ ಪಂಜಾಬಿನ ಮಾಜಿ ಉಪಮುಖ್ಯಮಂತ್ರಿಗೂ ಇದನ್ನು ವಿಧಿಸಿದರು. ಒಳ್ಳೇದೇ. ಆದರೆ ಹುಟ್ಟಿದಂದಿನಿಂದ ಇದನ್ನೇ ಮಾಡುತ್ತಿರುವವರು ಯಾವ ತಪ್ಪಿಗೆ ಈ ಶಿಕ್ಷೆ ಉಣ್ಣುತ್ತಿದ್ದಾರೆ? ಒಂದು ದಿನ ಪೊರಕೆ ಹಿಡಿದವನಿಗೆ ಪುಣ್ಯ, ದಿನಾ ಹಿಡಿದವಳಿಗೆ ದಿನಗೂಲಿ. ಇಷ್ಟಪಟ್ಟು ಮಾಡಿದರೆ ಸೇವೆ, ಬೇರೆ ದಾರಿ ಇಲ್ಲದೆ ಮಾಡಿದರೆ ಬಿಟ್ಟಿ. ಈ ಎರಡರ ನಡುವೆ ನಿಂತಿರುವುದು ನೆಲ. 2011ರ ಜನಗಣತಿಯ ಪ್ರಕಾರ ಪಂಜಾಬಿನಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 31.9, ದೇಶದಲ್ಲೇ ಹೆಚ್ಚು. ಹೊಲದಲ್ಲಿ ಅವರ ಪಾಲು ಮಾತ್ರ ತೀರಾ ಚಿಕ್ಕದು. ಊಟದ ಸಾಲು ಒಂದಾಯಿತು, ಪಹಣಿಯ ಸಾಲು ಒಂದಾಗಲಿಲ್ಲ.

ಹಾಗಂತ ಲಂಗರನ್ನು ತಳ್ಳಿಹಾಕುವ ಅಹಂಕಾರ ನಮಗೆ ಬೇಡ. ನಮ್ಮ ಹಾಸನ ಜಿಲ್ಲೆಯಲ್ಲೇ, ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ, 2015ರಲ್ಲಿ ದಲಿತ ಹೆಣ್ಣುಮಕ್ಕಳು ಗುಡಿಯೊಳಗೆ ಕಾಲಿಟ್ಟದ್ದಕ್ಕೆ ದಂಡ ಕೇಳಿದರು. ಆ ಗುಡಿ ಯಾರದು ಗೊತ್ತೇ? ಬಸವೇಶ್ವರನದು! ಇಲ್ಲಿ ಇನ್ನೂ ಊಟದ ಸಾಲೇ ಒಂದಾಗಿಲ್ಲ.

ನಾನಕರ ಬಗ್ಗೆ ಪಂಜಾಬಿನ ಹಳ್ಳಿಗರು ಹೇಳುವ ಕಥೆಯೊಂದಿದೆ. ಸಾಹುಕಾರ ಮಲಿಕ್ ಭಾಗೋನ ಹಬ್ಬದೂಟ ಬಿಟ್ಟು ಅವರು ಬಡಗಿ ಲಾಲೋನ ಒಣರೊಟ್ಟಿ ತಿಂದರು. ಸಾಹುಕಾರ ಸಿಟ್ಟಾದಾಗ ಎರಡೂ ರೊಟ್ಟಿ ಹಿಂಡಿ ತೋರಿಸಿದರು. ಲಾಲೋನದರಲ್ಲಿ ಹಾಲು, ಭಾಗೋನದರಲ್ಲಿ ರಕ್ತ. ತೋಟದ ಲೈನ್‌ಮನೆಗಳ ನಮ್ಮ ಜನಕ್ಕೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ಅದನ್ನು ಹೇಳಲಿ. ಜೊತೆಗೆ ಬೀದರಿನ ಸಾಹಿಬ್‌ಚಂದನ ಹೆಸರನ್ನೂ ಹೇಳಲಿ. ಮಧ್ಯಾಹ್ನದ ಬಿಸಿಯೂಟಕ್ಕೆ ಯಾವ ಮಗು ಯಾರ ಪಕ್ಕ ಕೂತಿದೆ, ಅಡಿಗೆ ಯಾರ ಕೈಯದು ಅಂತ ಊರಿನವರು ತಕರಾರು ತೆಗೆದ ದಿನ, ಆ ಹೆಸರು ಕೆಲಸಕ್ಕೆ ಬರುತ್ತದೆ.