ಸಿಂದಿಯ ದುಕಾನವೂ ಮನೆಯ ಮಕ್ಕಳೂ

ಹುಮನಾಬಾದಿನಿಂದ ಹೈದರಾಬಾದಿನ ಕಡೆಗೆ ಹೆದ್ದಾರಿಯಲ್ಲಿ ಹೋಗುವವರು ‘ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್’ ಎಂಬ ಫಲಕಗಳನ್ನು ನೋಡಿಯೇ ಇರುತ್ತಾರೆ. ಕನ್ನಡ ವ್ಯಾಕರಣವನ್ನು ಪಾಠ ಹೇಳುವ ನನಗೆ ಆ ಹೆಸರನ್ನು ಕಂಡಾಗಲೆಲ್ಲ ಅರಿಸಮಾಸದ ನೆನಪಾಗುತ್ತದೆ. ಎರಡು ಪದಗಳೂ ಆಂಗ್ಲವೇ ಆದುದರಿಂದ ಶಾಸ್ತ್ರಕ್ಕೆ ದೋಷವಿಲ್ಲ. ಅರ್ಥದಲ್ಲಿ ಮಾತ್ರ ಒಂದಕ್ಕೊಂದು ಹೊಂದದ ಮಾತುಗಳನ್ನು ಒತ್ತಾಯದಿಂದ ಕೂಡಿಸಿದಂತಿದೆ. ಕುಡಿಯುವ ಸ್ಥಳಕ್ಕೆ ಮಕ್ಕಳುಮರಿಗಳ ಸಹಿತ ಬನ್ನಿರೆಂದು ಕರೆಯಬಹುದೆ? ಇದನ್ನು ಪಟ್ಟಣದವರ ಹೊಸ ಚರ್ಚೆಯೆಂದು ಬಹು ಮಂದಿ ಎಣಿಸಿದ್ದಾರೆ. ನಮ್ಮ ಸೀಮೆಯ ಮಟ್ಟಿಗಂತೂ ಹಾಗಲ್ಲ.

ಚಿಟಗುಪ್ಪದಿಂದ ಕಲ್ಯಾಣ ದೂರವೇನಲ್ಲ. ಅಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ನಡುವೆ ಮದಿರಾಪಾನವೂ ಒಂದು ಕ್ರೀಡೆ. ಅದಕ್ಕಿಂತ ಹಿಂದೆ, ಹತ್ತನೆಯ ಶತಮಾನದಲ್ಲಿ, ಪಂಪನು ತನ್ನ ಭಾರತದಲ್ಲಿ ಪಾನಗೋಷ್ಠಿಯನ್ನು ವರ್ಣಿಸಿದ. ಹೆಂಗಸರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಮಗುವೊಂದರ ಸುಳಿವು ಮಾತ್ರ ನನಗೆ ಎರಡರಲ್ಲಿಯೂ ಕಾಣಲಿಲ್ಲ. ಅದು ವಿಲಾಸಿಗಳ ಲೋಕ. ಮನೆಯೆಂಬುದು ಅದರ ಹೊರಗೆ. ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನ ಸಂಗತಿ ಬೇರೆ. ಅವನು ಶರಣ; ಕಾಯಕ ಹೆಂಡ ಮಾರುವುದು. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದ ಅವನ ವಚನಗಳಲ್ಲಿ ತನ್ನ ಕಸುಬಿನ ಮಾತುಗಳನ್ನೇ ಪರಮಾರ್ಥಕ್ಕೆ ತಿರುಗಿಸಿಕೊಂಡಿದ್ದಾನೆ. ಅವನಿಗೆ ನಾಚಿಕೆಯೂ ಇಲ್ಲ, ಜಂಬವೂ ಇಲ್ಲ. ಅವನ ಗಿರಾಕಿಗಳು ಗೋಷ್ಠಿಯ ರಸಿಕರಾಗಿರಲಾರರು, ದುಡಿದು ದಣಿದು ಬಂದವರಾಗಿರಬೇಕೆಂದು ನನ್ನ ಊಹೆ.

ದುಡಿದವರ ಆ ಅಂಗಡಿ ನಮ್ಮ ಕಡೆ ನಿಜಾಮರ ಕಾಲಕ್ಕೆ ಸಿಂದಿಯ ದುಕಾನವಾಗಿತ್ತು. ಸಿಂದಿಯೆಂದರೆ ಈಚಲ ಮರದ ರಸ. ಮರದ ನೆತ್ತಿಯ ಹತ್ತಿರ ಕೆತ್ತಿ, ಸಂಜೆಗೆ ಗಡಿಗೆ ಕಟ್ಟಿ, ನಸುಕಿನಲ್ಲಿ ಇಳಿಸುತ್ತಾರೆ. ಆಗ ಅದು ನೀರಾ. ಸಕ್ಕರೆಯ ಹಾಗೆ ಸಿಹಿ. ಗಡಿಗೆಯ ಒಳಗೆ ಸುಣ್ಣ ಬಳಿದಿದ್ದರೆ ಸಿಹಿ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಇಲ್ಲದಿದ್ದರೆ ಬಿಸಿಲೇರಿದಂತೆ ತಾನಾಗಿಯೇ ಹುದುಗೆದ್ದು, ಹುಳಿಯಾಗಿ, ಅಮಲು ಕೂಡುತ್ತದೆ. ಮುಂಜಾನೆ ಮಗುವಿಗೆ ಕೊಡಬಹುದಾದ ರಸ, ಮಧ್ಯಾಹ್ನಕ್ಕೆ ಅಪ್ಪನು ಮಾತ್ರ ಕುಡಿಯಬೇಕಾದ ರಸ, ಗಡಿಗೆ ಅದೇ. ಗೆರೆ ಎಳೆಯುವುದು ಎಷ್ಟು ಕಷ್ಟವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಮುತ್ಯಾ ಹೇಳುತ್ತಿದ್ದರು: “ತಮ್ಮಾ, ಸಿಂದಿ ದುಕಾನಕ್ಕ ಮಂದಿ ಹೆಂಡ್ರು ಮಕ್ಕಳನ್ನ ಕರಕೊಂಡೇ ಹೋಗ್ತಿದ್ರು. ಗಿಡದ ನೆರಳಿಗಿ ಕುಂತು ಬುತ್ತಿ ಬಿಚ್ಚತಿದ್ರು. ಗಂಡ ಎಷ್ಟು ಕುಡದಾನಂತ ಹೆಂಡ್ತಿಗಿ ಗೊತ್ತಿರ್ತಿತ್ತು.” ಕೊನೆಯ ಮಾತನ್ನು ಅವರು ಒತ್ತಿ ಹೇಳುತ್ತಿದ್ದರು. ಕೂಸು ಅತ್ತರೆ ಬೆರಳು ಅದ್ದಿ ನೆಕ್ಕಿಸುತ್ತಿದ್ದರಂತೆ. ಅದನ್ನೂ ಅವರು ಮುಚ್ಚಿಡಲಿಲ್ಲ.

ಈ ನೆರಳಿನ ಚಿತ್ರವನ್ನು ಕಂಡು ಮರುಳಾಗಬಾರದು. ಸರಕಾರದ ಬೊಕ್ಕಸ ಅಲ್ಲಿಯೂ ಕುಳಿತಿತ್ತು. 1316ನೆಯ ಫಸಲಿಯ, ಎಂದರೆ 1906–07ರ ಸುಮಾರಿನ, ಅಬಕಾರಿ ಕಾಯಿದೆಯ ಅಡಿಯಲ್ಲಿ ದುಕಾನಗಳು ನಡೆದವು. ಅಬಕಾರಿಯು ನಿಜಾಮ ಸಂಸ್ಥಾನದ ದೊಡ್ಡ ಉತ್ಪನ್ನಗಳಲ್ಲೊಂದು. ಆದುದರಿಂದಲೇ 1947–48ರ ವಿಮೋಚನೆಯ ಹೋರಾಟದಲ್ಲಿ ಸ್ಟೇಟ್ ಕಾಂಗ್ರೆಸ್ಸಿನವರು ಈಚಲ ಮರಗಳಿಗೆ ಕೊಡಲಿ ಹಾಕಿದರು. ಮರ ಕಡಿದದ್ದು ಕುಡಿತವನ್ನು ನಿಲ್ಲಿಸಲೆಂದೋ, ಖಜಾನೆಗೆ ಪೆಟ್ಟು ಕೊಡಲೆಂದೋ? ಎರಡೂ ಇದ್ದಿರಬೇಕು. ಎರಡನೆಯದೇ ಹೆಚ್ಚೆಂದು ನನಗೆ ತೋರುತ್ತದೆ.

ಸಿಂದಿ ಹಿಂದಾಗಿ ಸರಾಯಿ ಮುಂದಾಯಿತು. ಸರಾಯಿಗೆ ನೆರಳೂ ಬೇಡ, ಬುತ್ತಿಯೂ ಬೇಡ. ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ನಿಂತಲ್ಲೇ ಮುಗಿಸಬಹುದು. ಕುಟುಂಬ ಅಂಗಡಿಯಿಂದ ಹೊರಬಿದ್ದಿತು, ಮಗು ಮಾತ್ರ ಬೀಳಲಿಲ್ಲ. ನನಗೆ ಒಂಬತ್ತು ವರ್ಷವಿದ್ದಾಗ ನೆರೆಯ ಕಾಕಾ ಒಬ್ಬರು ಚಿಲ್ಲರೆ ಕೊಟ್ಟು ಪಾಕೀಟು ತರಲು ಕಳುಹಿಸುತ್ತಿದ್ದರು. ಅಂಗಡಿಯವನು ನನ್ನ ವಯಸ್ಸನ್ನು ಒಂದು ದಿನವೂ ಕೇಳಲಿಲ್ಲ. ಉಳಿದ ಪೈಸೆಗೆ ಪೆಪ್ಪರಮಿಂಟು ಸಿಕ್ಕುತ್ತಿತ್ತಾದುದರಿಂದ ನಾನೂ ಓಡಿ ಹೋಗಿ ತರುತ್ತಿದ್ದೆ. ಕಾಕಾ ಬಹಳ ದಿನ ಬದುಕಲಿಲ್ಲ. ಆ ಪೆಪ್ಪರಮಿಂಟಿನ ರುಚಿ ಇನ್ನೂ ನನ್ನನ್ನು ಬಿಟ್ಟಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸರಾಯಿ ನಿಂತಾಗ ಕಾಕೂ ಅಂದದ್ದು ಇಷ್ಟೇ: “ಹದಿನೈದು ವರ್ಷ ತಡ ಆತು.”

ಕಾನೂನು ಇದನ್ನೆಲ್ಲ ವಯಸ್ಸಿನ ಲೆಕ್ಕದಿಂದ ಅಳೆಯುತ್ತದೆ. ನಮ್ಮ 1965ರ ಅಬಕಾರಿ ಕಾಯಿದೆ ಹದಿನೆಂಟು ತುಂಬದವರಿಗೆ ಮಾರಬಾರದೆನ್ನುತ್ತದೆ; 1967ರ ನಿಯಮ ಇಪ್ಪತ್ತೊಂದು ಎನ್ನುತ್ತದೆ. 2023ರ ಜನವರಿಯಲ್ಲಿ ನಿಯಮವನ್ನೂ ಹದಿನೆಂಟಕ್ಕೆ ಇಳಿಸುವ ಕರಡು ಹೊರಟು, ಜನರ ವಿರೋಧದಿಂದ ಹಿಂದೆ ಹೋಯಿತು. ವಾದವೆಲ್ಲ ಯಾರಿಗೆ ಮಾರಬೇಕೆಂಬುದರ ಸುತ್ತಲೇ ನಡೆಯಿತು. ತಂದೆಯ ಪಕ್ಕದಲ್ಲಿ ಸುಮ್ಮನೆ ಕುಳಿತ ಮಗುವಿನ ಮಾತು ಹೆಚ್ಚು ಬರಲಿಲ್ಲ. ಇಂಗ್ಲೆಂಡಿನವರಾದರೋ ಆ ಮಗುವನ್ನೇ ನೋಡಿದರು. 1908ರ ಮಕ್ಕಳ ಕಾಯಿದೆಯಿಂದ ಹದಿನಾಲ್ಕರೊಳಗಿನವರನ್ನು ಪಬ್ಬಿನ ಬಾರಿನಿಂದ ಹೊರಗಿಟ್ಟರು. ಸುಮಾರು ನೂರು ವರ್ಷಗಳ ಬಳಿಕ, 2005ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಲ್ಲಿ, ಹಿರಿಯರು ಜೊತೆಗಿದ್ದರೆ ಮಕ್ಕಳೂ ಒಳಗೆ ಬರಬಹುದೆಂದರು. ಮನೆಯವರು ಎದುರಿಗಿದ್ದರೆ ಗಂಡಸು ಹದ್ದಿನಲ್ಲಿರುತ್ತಾನೆಂಬ ವಾದ ಅಲ್ಲಿಯೂ ಉಂಟು. ಮುತ್ಯಾನ ಮಾತೂ ಅದೇ ತಾನೆ!

ಆ ವಾದವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಗಿಡದ ಕೆಳಗೆ ಹೆಂಡತಿಯ ಕಣ್ಣಿತ್ತು. ಹೆದ್ದಾರಿಯ ಈ ಮನೆಗಳಲ್ಲಿ ‘ಫ್ಯಾಮಿಲಿ’ ಎಂದರೆ ಪರದೆ ಇಳಿಬಿಟ್ಟ ಒಂದು ಕೋಣೆ. ಹೆಂಗಸರು ಮಕ್ಕಳು ಅತ್ತ, ಕುಡಿಯುವವರು ಇತ್ತ. ನೋಡುವ ಕಣ್ಣನ್ನು ಮುಚ್ಚಿ ಕುಟುಂಬವನ್ನು ಕರೆದರೆ, ಕರೆದದ್ದು ಅವರ ಹಣದ ಚೀಲವನ್ನಷ್ಟೆ. ಹಾಗೆ ಕರೆಯುವುದಕ್ಕಿಂತ ಕರೆಯದಿರುವುದು ಲೇಸೆಂದು ನನ್ನ ಅಭಿಪ್ರಾಯ.

ಕಳೆದ ಬೇಸಿಗೆಯಲ್ಲಿ ನಾವೂ ಅಂಥ ಒಂದು ಕೋಣೆಯಲ್ಲಿ ಕುಳಿತಿದ್ದೆವು. ರಾತ್ರಿಯಾಗಿತ್ತು, ಹತ್ತಿರ ಬೇರೆ ಖಾನಾವಳಿ ತೆರೆದಿರಲಿಲ್ಲ. ಆಚೆಯಿಂದ ಗದ್ದಲ ಕೇಳುತ್ತಿತ್ತು. ಏಳು ವರ್ಷದ ಮಗಳು ಪರದೆಯ ಅಂಚನ್ನು ಹಿಡಿದು, “ಅಪ್ಪಾ, ಅವರ ಮನ್ಯಾಗಿನವರು ಎಲ್ಲಿ ಕುಂತಾರ?” ಎಂದಳು. ರೊಟ್ಟಿ ಬಂದಿತ್ತು, ಉಣ್ಣು ಎಂದೆ. ಹಸಿವಾಗಿತ್ತು, ಎಲ್ಲರೂ ಉಂಡೇ ಎದ್ದೆವು.