ಉರಿಯಲೇಬೇಕಿದ್ದ ಮನೆ

1967ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ವಿಶ್ವ ಪ್ರದರ್ಶನದ ಚೆಕೊಸ್ಲೊವಾಕಿಯಾ ಮಂಟಪದಲ್ಲಿ 127 ಆಸನಗಳ ಪುಟ್ಟ ಚಿತ್ರಮಂದಿರವೊಂದಿತ್ತು. ಪ್ರತಿ ಆಸನಕ್ಕೂ ಎರಡು ಗುಂಡಿಗಳು. ಒಂದು ಕೆಂಪು, ಇನ್ನೊಂದು ಹಸಿರು. ಒಂಬತ್ತು ಬಾರಿ ಕಥೆ ನಿಲ್ಲುತ್ತಿತ್ತು. ಆಗ ನಾಯಕ ನೊವಾಕನ ಪಾತ್ರಧಾರಿ ಮಿರೊಸ್ಲಾವ್ ಹೊರ್ನಿಚೆಕ್ ವೇದಿಕೆಗೆ ಬಂದು, ಮುಂದೇನಾಗಬೇಕೆಂದು ಪ್ರೇಕ್ಷಕರನ್ನೇ ಕೇಳುತ್ತಿದ್ದರು. ಮೈಗೆ ಟವೆಲ್ಲನ್ನಷ್ಟೇ ಸುತ್ತಿಕೊಂಡ ನೆರೆಮನೆಯಾಕೆ ಬಾಗಿಲ ಹೊರಗೆ ಸಿಕ್ಕಿಕೊಂಡಿದ್ದಾಳೆ; ನೊವಾಕನ ಹೆಂಡತಿ ಇನ್ನೇನು ಬರುವ ಹೊತ್ತು. ಆಕೆಯನ್ನು ಒಳಗೆ ಕರೆಯಬೇಕೆ, ಬೇಡವೆ? ಜನ ಗುಂಡಿ ಒತ್ತುತ್ತಿದ್ದರು, ಬಹುಮತ ಪಡೆದ ದೃಶ್ಯ ಪರದೆಯ ಮೇಲೆ ಓಡುತ್ತಿತ್ತು. ರಾದೂಜ್ ಚಿನ್ಚೆರಾ ರೂಪಿಸಿದ ಈ ಏರ್ಪಾಟಿನ ಹೆಸರು ಕಿನೊಆಟೊಮಾಟ್.

ಕಥೆಯನ್ನು ನಾವೇ ನಡೆಸುವ ವಿಡಿಯೊ ಗೇಮ್‌ಗಳಲ್ಲಿ ನಮ್ಮ ಆಯ್ಕೆಗೆ ಬೆಲೆಯಿದೆಯೇ ಎಂಬ ಇಂದಿನ ಜಗಳವನ್ನು ಬಿಡಿಸುವ ಮೊದಲು ಈ ಮಂದಿರವನ್ನು ಹೊಕ್ಕು ಬರುವುದು ಒಳ್ಳೆಯದೆಂದು ನಮಗನ್ನಿಸುತ್ತದೆ.

ಲೆಕ್ಕವನ್ನೇ ನೋಡೋಣ. ಒಂಬತ್ತು ಕವಲುಗಳು, ಪ್ರತಿ ಕವಲಿಗೆ ಎರಡು ದಾರಿ. ಪ್ರತಿ ದಾರಿಯೂ ತನ್ನಷ್ಟಕ್ಕೆ ಬೆಳೆದರೆ 512 ಮುಕ್ತಾಯಗಳು ಬೇಕು. ಅಷ್ಟನ್ನು ಯಾರು ಚಿತ್ರೀಕರಿಸಿಯಾರು? ಚಿನ್ಚೆರಾ ಬಳಸಿದ್ದು ಒಟ್ಟಿಗೆ ಓಡುವ ಎರಡು ಪ್ರೊಜೆಕ್ಟರ್‌ಗಳನ್ನು. ಮತ ಸೋತ ಪ್ರೊಜೆಕ್ಟರ್‌ನ ಮಸೂರವನ್ನು ಮುಚ್ಚಿದರಾಯಿತು. ಏಕೆಂದರೆ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಕಥೆ ಮುಂದಿನ ಕವಲಿಗೆ ಬಂದು ಸೇರುತ್ತಿತ್ತು. ಕೊನೆಗೆ ನೊವಾಕನ ಕಟ್ಟಡ ಹೊತ್ತಿ ಉರಿಯುತ್ತಿತ್ತು. ಆ ಬೆಂಕಿಯನ್ನು ಪ್ರೇಕ್ಷಕರು ಚಿತ್ರದ ಆರಂಭದಲ್ಲೇ ಕಂಡಿದ್ದರು ಎಂಬುದು ಇನ್ನೂ ಸ್ವಾರಸ್ಯದ ಸಂಗತಿ.

ಇದನ್ನು ಮೋಸವೆನ್ನಬಹುದೆ? ಮತದಾರನಿಗೆ ಒಂದೇ ಪಟ್ಟಿಯನ್ನು ಕೊಡುತ್ತಿದ್ದ ದೇಶದಿಂದ ಬಂದ ಚಿತ್ರವಿದು. ಎಲ್ಲರೂ ಮತ ಹಾಕಿ ಏನೂ ಬದಲಾಗದ ವ್ಯವಸ್ಥೆಯ ಅಣಕವನ್ನು ಅನೇಕರು ಇದರಲ್ಲಿ ಕಂಡಿದ್ದಾರೆ. 1972ರಲ್ಲಿ ಸ್ವದೇಶದ ಆಡಳಿತವೇ ಇದನ್ನು ನಿಷೇಧಿಸಿತು. ಬೆಂಕಿ ತಪ್ಪದಿದ್ದರೂ ನೆರೆಯಾಕೆಗೆ ಬಾಗಿಲು ತೆರೆದವರು ಯಾರು, ಮುಚ್ಚಿದವರು ಯಾರು ಎಂಬುದು ಮಾತ್ರ ಆ ಕತ್ತಲ ಕೋಣೆಯಲ್ಲಿ ನಿಜವಾಗಿಯೇ ತೀರ್ಮಾನವಾಗುತ್ತಿತ್ತು. ತಾಳಮದ್ದಳೆಯ ಕರ್ಣ ಸಾಯುತ್ತಾನೆಂದು ತಿಳಿದೂ ರಾತ್ರಿಯಿಡೀ ಅವನ ಮಾತು ಕೇಳುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದ ಮುಕ್ತಾಯ ಒಂದೇ ಎಂಬುದು ನಮ್ಮ ಆಕ್ಷೇಪವಲ್ಲ. 2012ರ ‘ದಿ ವಾಕಿಂಗ್ ಡೆಡ್’ ಗೇಮ್‌ನ ಮೊದಲ ಕಂತಿನಲ್ಲಿ ಕಾರ್ಲಿ, ಡಗ್ ಇಬ್ಬರಲ್ಲಿ ಒಬ್ಬರನ್ನಷ್ಟೇ ಉಳಿಸಬಹುದು. ಉಳಿದವರು ಯಾರೇ ಆಗಲಿ, ಮೂರನೆಯ ಕಂತಿನಲ್ಲಿ ಲಿಲಿಯ ಗುಂಡಿಗೆ ಬಲಿಯಾಗುತ್ತಾರೆ. ಹಾಗೆಂದು ಆ ಮೊದಲ ಕ್ಷಣದ ತಳಮಳ ಸುಳ್ಳಾಗುವುದಿಲ್ಲ. ಅದೇ ವರ್ಷದ ‘ಮಾಸ್ ಎಫೆಕ್ಟ್ 3’ರ ಕತೆ ಬೇರೆ. 2007ರಿಂದ ಮೂರು ಗೇಮ್‌ಗಳ ಉದ್ದಕ್ಕೂ ಆಟಗಾರರ ನಿರ್ಧಾರಗಳನ್ನು ಹೊತ್ತು ತಂದ ಕಥೆ, ಕೊನೆಯಲ್ಲಿ ಬಣ್ಣದಲ್ಲಷ್ಟೇ ಹೆಚ್ಚು ಬೇರೆಯೆನಿಸುವ ಕೆಲವೇ ಮುಕ್ತಾಯಗಳಿಗೆ ಇಳಿದಾಗ ಜನ ಸಿಡಿದೆದ್ದರು. ತಯಾರಕರು ಕೆಲವೇ ತಿಂಗಳಲ್ಲಿ ವಿಸ್ತರಿಸಿದ ಮುಕ್ತಾಯವನ್ನು ಉಚಿತವಾಗಿ ಕೊಟ್ಟರು. ಚಿನ್ಚೆರಾ ಬೆಂಕಿಯನ್ನು ಮೊದಲೇ ತೋರಿಸಿದ್ದರು, ಇವರು ತೋರಿಸಿರಲಿಲ್ಲ. ನಮ್ಮ ತಕರಾರು ಇಷ್ಟೇ.

ಈ ಇಕ್ಕಟ್ಟನ್ನು ಎಲ್ಲರಿಗಿಂತ ತುಂಟತನದಿಂದ ಬಿಡಿಸಿದವರು ಎಡ್ವರ್ಡ್ ಪ್ಯಾಕರ್ಡ್. ಪುಟ ಆರಿಸುತ್ತ ಓದುವ ಮಕ್ಕಳ ಪುಸ್ತಕಗಳನ್ನು ಬರೆದವರು ಅವರು. 1982ರ ‘ಇನ್‌ಸೈಡ್ ಯುಎಫ್‌ಒ 54-40’ರಲ್ಲಿ ಎಲ್ಲರೂ ಹಂಬಲಿಸುವ ಅಲ್ಟಿಮಾ ಎಂಬ ಗ್ರಹವಿದೆ. ಆ ಪುಟಕ್ಕೆ ಪುಸ್ತಕದ ಯಾವ ಸೂಚನೆಯೂ ಕಳುಹಿಸುವುದಿಲ್ಲ. ಸೂಚನೆಗಳನ್ನೆಲ್ಲ ಬದಿಗಿಟ್ಟು ಸುಮ್ಮನೆ ಹಾಳೆ ತಿರುವಿದ ಮಗುವಿಗೆ ಮಾತ್ರ ಅದು ಸಿಗುತ್ತದೆ.