ಶನಿವಾರದ ಗಾಣಿಗರು

ಮುಂಬೈ ಲೋಕಲ್ ರೈಲಿನಲ್ಲಿ ಓಡಾಡಿದವರಿಗೆ ಮಸ್ಜಿದ್ ಸ್ಟೇಷನ್ ಗೊತ್ತಿರುತ್ತೆ. ಅಲ್ಲೊಂದು ದೊಡ್ಡ ಮಸೀದಿ ಇದ್ದಿರಬೇಕು ಅಂತಲೇ ನಾನೂ ಅಂದುಕೊಂಡಿದ್ದೆ. ಆದರೆ ಆ ಹೆಸರು ಬಂದದ್ದು ಹತ್ತಿರದ ಯಹೂದಿ ಪ್ರಾರ್ಥನಾ ಮಂದಿರದಿಂದ ಅನ್ನುತ್ತಾರೆ. 1796ರಲ್ಲಿ ಅದನ್ನು ಕಟ್ಟಿಸಿದವರು ಸ್ಯಾಮ್ಯುಯೆಲ್ ಎಜೆಕಿಯಲ್ ದಿವೇಕರ್. ಯಹೂದಿ, ಆದರೆ ಅಡ್ಡಹೆಸರು ಅಪ್ಪಟ ಮರಾಠಿ!

ಇವರ ಜನ ಕೊಂಕಣ ತೀರದ ಹಳ್ಳಿಗಳಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದವರು. ದಿವೆ ಊರಿನವರು ದಿವೇಕರ್, ಪೇಣ್ ಊರಿನವರು ಪೇಣ್ಕರ್. ಶನಿವಾರ ಮಾತ್ರ ಗಾಣ ಮುಟ್ಟುತ್ತಿರಲಿಲ್ಲ. ಹಾಗಾಗಿ ಅಕ್ಕಪಕ್ಕದವರು ಇಟ್ಟ ಹೆಸರು 'ಶನಿವಾರ್ ತೇಲಿ', ಅಂದರೆ ಶನಿವಾರದ ಗಾಣಿಗರು. ದೇವರು ಯಾರು, ಗ್ರಂಥ ಯಾವುದು ಅಂತ ಯಾರೂ ಕೇಳಲಿಲ್ಲ. ಕಸುಬು ಮತ್ತು ರಜೆಯ ದಿನ, ಅಷ್ಟೇ ಸಾಕಾಯಿತು ನೋಡಿ!

ಅವರು ತಮ್ಮನ್ನು ಕರೆದುಕೊಂಡದ್ದು 'ಬೆನೆ ಇಸ್ರೇಲ್', ಇಸ್ರೇಲನ ಮಕ್ಕಳು ಅಂತ. ಇಸ್ರೇಲ್ ಅನ್ನೋದು ಮೂಲಪುರುಷ ಯಾಕೋಬನ ಇನ್ನೊಂದು ಹೆಸರು. ನಾವು ಬಳಸುವ 'ಯಹೂದಿ' ಬಂದದ್ದು ಅವನ ಹನ್ನೆರಡು ಗಂಡುಮಕ್ಕಳಲ್ಲಿ ಒಬ್ಬನಾದ ಯೆಹೂದನಿಂದ.

ಈ ಹೆಸರಿಗೆ ನಮ್ಮ ಶ್ರೀರಂಗಪಟ್ಟಣದ ನಂಟೂ ಇದೆ. ದಿವೇಕರ್ ಬ್ರಿಟಿಷ್ ಸೈನ್ಯದಲ್ಲಿದ್ದು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದ್ದರು. ಕೈದಿಯ ಜಾತಿ 'ಬನೀ ಇಸ್ರಾಯೀಲ್' ಅಂತ ಕೇಳಿದ ಟಿಪ್ಪುವಿನ ತಾಯಿ, ಇದು ಕುರಾನಿನಲ್ಲಿ ಬರುವ ಹೆಸರು, ಇವರನ್ನು ಕೊಲ್ಲಬೇಡ ಅಂದರಂತೆ. ಬದುಕಿ ಬಂದ ಹರಕೆಗೆ ಕಟ್ಟಿಸಿದ್ದೇ ಆ ಮಂದಿರವಂತೆ. ಇದು ಆ ಸಮುದಾಯ ಹೇಳಿಕೊಂಡು ಬಂದ ಕಥೆ. ಎಷ್ಟು ನಿಜವೋ, ಆದರೆ ಹೆಸರೇ ಪ್ರಾಣ ಉಳಿಸಿತು ಅಂತ ಅವರು ನಂಬಿದ್ದಂತೂ ನಿಜ.

ಮುಂದಿನದು ಕಥೆಯಲ್ಲ. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಸಾವಿರಾರು ಜನ ಅಲ್ಲಿಗೆ ಹೋದರು. ಅಲ್ಲಿನ ಮುಖ್ಯ ಧರ್ಮಗುರುಗಳ ಕಚೇರಿ 1962ರಲ್ಲಿ ಒಂದು ಸೂಚನೆ ಹೊರಡಿಸಿತು: ಬೆನೆ ಇಸ್ರೇಲರು ಬೇರೆ ಯಹೂದಿಗಳನ್ನು ಮದುವೆಯಾಗುವ ಮೊದಲು ಅವರ ವಂಶವನ್ನು ವಿಚಾರಿಸಬೇಕು! ಹೆಸರು ಹಿಡಿದೇ ಹೀಗೆ ಬರೆದಿತ್ತು. 1964ರಲ್ಲಿ ಜೆರುಸಲೇಮಿನಲ್ಲಿ ಅವರು ಪ್ರತಿಭಟನೆಗೆ ಕೂತರು, ಸಂಸತ್ತು ಅವರ ಪರ ನಿಂತಿತು. ಕೊನೆಗೆ ಸೂಚನೆಯಿಂದ 'ಬೆನೆ ಇಸ್ರೇಲ್' ಅನ್ನುವ ಪದ ತೆಗೆದು, ಸಂಶಯವಿರುವ ಯಾರೇ ಆದರೂ ಅಂತ ಬದಲಾಯಿಸಿದರು.

ಯೋಚಿಸಿ... ಕೊಂಕಣದ ಹಳ್ಳಿಯವರು ಏನೂ ವಿಚಾರಿಸದೆ ಶನಿವಾರದ ಗಾಣಿಗರು ಅಂತ ಒಪ್ಪಿಕೊಂಡರು. ತಾವೇ ಇಟ್ಟುಕೊಂಡ ಹೆಸರಿಗೆ ಪುರಾವೆ ಕೇಳಿದ್ದು ಮಾತ್ರ ಸ್ವಂತ ಬಳಗ.